ಕೇತಕಿಯ ಲೈನು

ಜುಲೈ 2, ಬುಧವಾರ

ಸೋಮವಾರದಿಂದ ಕೇತಕಿಯ ಕೆಲಸ ಶುರು. ಅವಳ ಕೋಣೆಯ ಕಂಪ್ಯೂಟರಿಗೆ ಇನ್ನೂ ಇಂಟರ್‌ನೆಟ್ ಬಂದಿಲ್ಲ. ವೈ-ಫೈ ನಡೆಯುವುದಿಲ್ಲ, ವಾಯರೇ ಬೇಕು ಎಂದು ಅವಳ ಕಂಪನಿಯವರ ಕಟ್ಟಪ್ಪಣೆ. ಕೆಲಸವೂ ಅಂಥದೇ. ಇಲ್ಲಿನ ಆಸ್ಪತ್ರೆಗಳಿಗೆ ಕಲಬುರ್ಗಿ, ಯಾದಗಿರಿ ಕಡೆಯ ಕೂಲಿ ಜನ ಬರುತ್ತಾರೆ. ಅವರಿಗೆ ಮರಾಠಿ ತಿಳಿಯುವುದಿಲ್ಲ, ಡಾಕ್ಟರಿಗೆ ಕನ್ನಡ ತಿಳಿಯುವುದಿಲ್ಲ. ಮಂಚದ ಪಕ್ಕ ಒಂದು ಟ್ಯಾಬ್ಲೆಟ್ ನಿಲ್ಲಿಸಿ ಗುಂಡಿ ಒತ್ತಿದರೆ ಇವಳು ಮನೆಯಿಂದಲೇ ಅದರಲ್ಲಿ ಕಾಣಿಸಿಕೊಂಡು ಅವರ ಮಾತು ಇವರಿಗೆ, ಇವರ ಮಾತು ಅವರಿಗೆ ಹೇಳಬೇಕು. ನಡುವೆ ಲೈನು ಹೋಗಕೂಡದು.

ನಲವತ್ತನಾಲ್ಕನೆಯ ವಯಸ್ಸಿಗೆ ಅವಳ ಮೊದಲ ನೌಕರಿ. ಗಂಡನ ಮನೆ ಬಿಟ್ಟು ಎರಡು ಸೂಟ್‌ಕೇಸ್ ಹಿಡಿದು ಹುಬ್ಬಳ್ಳಿಯಿಂದ ನನ್ನ ಹತ್ತಿರ ಬಂದು ಏಳು ತಿಂಗಳಾಯಿತು. ನಾನೂ ಈಗ ಮನೆಯಲ್ಲೇ. ಹಡಪಸರದ ಶಾಲೆಯಲ್ಲಿ ಇಪ್ಪತ್ತಾರು ವರ್ಷ ಕಂಪ್ಯೂಟರ್ ಕಲಿಸಿದೆ. ಏಪ್ರಿಲ್‌ನಲ್ಲಿ ಲ್ಯಾಬನ್ನು ಯಾವುದೋ ಕಂಪನಿಗೆ ಒಪ್ಪಿಸಿ ನನಗೆ ಶಾಲು ಹೊದಿಸಿ ಕಳಿಸಿದರು. ಈ ಕಂಪ್ಯೂಟರ್ ಆ ಲ್ಯಾಬಿನದೇ, ಹಳೆಯದು, ಲಿನಕ್ಸ್ ಹಾಕಿದವಳು ನಾನು.

ಕಪ್ಪು ಪರದೆಯಲ್ಲಿ ಕೇಳಿದರೆ ‘ನೋ ಕ್ಯಾರಿಯರ್’ ಅನ್ನುತ್ತದೆ. ಎಂದರೆ ವಾಯರಿನ ಆಚೆ ತುದಿಯಲ್ಲಿ ಯಾರೂ ಇಲ್ಲ. ಕೇತಕಿ ಬಾಗಿಲಲ್ಲಿ ನಿಂತು ಉಗುರು ಕಡಿಯುತ್ತಿದ್ದಳು. “ಅಕ್ಕಾ, ಸೋಮವಾರ ತನಕಾ ಆಗ್ತದೋ ಇಲ್ಲೋ?”

“ನಾ ಅದೀನಲ್ಲ” ಅಂದೆ.

ಜುಲೈ 3, ಗುರುವಾರ

ಸಿಕ್ಕಿತು. ಇಡೀ ದಿನ ಹಿಡಿಯಿತು, ಆದರೂ ಸಿಕ್ಕಿತು.

ಶಾಲೆಯಲ್ಲಿ ಹುಡುಗಿಯರಿಗೆ ಹೇಳುತ್ತಿದ್ದ ಕ್ರಮವನ್ನೇ ಹಿಡಿದೆ. ಮೊದಲು ದೀಪ ನೋಡು, ಆಮೇಲೆ ವಾಯರ್ ನೋಡು, ಆಮೇಲೆ ಕಂಪ್ಯೂಟರಿಗೆ ಸಿಕ್ಕ ನೆಟ್‌ವರ್ಕ್ ವಿಳಾಸ ನೋಡು. ಮೇಲಿನದು ಸರಿಯಾಗದೆ ಕೆಳಗಿನದಕ್ಕೆ ಕೈ ಹಚ್ಚಬೇಡ. ಕಂಪ್ಯೂಟರಿನ ಹಿಂದಿನ ಹಸಿರು ದೀಪ ಸತ್ತಿತ್ತು. ಹಾಲಿನಲ್ಲಿ ಚಪ್ಪಲಿ ಕಪಾಟಿನ ಮೇಲೆ ಇಂಟರ್‌ನೆಟ್ ಡಬ್ಬಿ ಇದೆ. ಅಲ್ಲಿಂದ ಅವಳ ಕೋಣೆಗೆ ಹೋಗುವ ಹಳದಿ ವಾಯರಿನ ಪ್ಲಗ್ಗನ್ನು ಭೂತಗನ್ನಡಿಯಲ್ಲಿ ನೋಡಿದೆ. ಎಂಟು ಎಳೆಗಳಲ್ಲಿ ಒಂದು ಒಳಗೆ ಹೋಗಿ ಕೂತೇ ಇರಲಿಲ್ಲ. ಕತ್ತರಿಸಿ ಹೊಸ ಪ್ಲಗ್ ಕಚ್ಚಿಸಿದೆ. ದೀಪ ಬಂತು, ವಿಳಾಸ ಬರಲಿಲ್ಲ. ಹಿಂದೆ ಲ್ಯಾಬಿಗೆಂದು ಕೈಯಾರೆ ಬರೆದಿಟ್ಟಿದ್ದ ವಿಳಾಸ ಹಾಗೇ ಉಳಿದಿತ್ತು. ಅದನ್ನು ಅಳಿಸಿದ ಕೂಡಲೇ ಎಲ್ಲ ಹರಿಯತೊಡಗಿತು.

ಕೇತಕಿ ಹಿಂದಿನಿಂದ ಬಂದು ನನ್ನ ಕೊರಳಿಗೆ ಕೈ ಹಾಕಿ, “ನೀ ಇಲ್ಲದಿದ್ರ ನಾ ಏನ್ ಮಾಡ್ತಿದ್ದೆ ಅಕ್ಕಾ” ಅಂದಳು. ಏಪ್ರಿಲ್‌ನಿಂದ ಇಷ್ಟು ಹಗುರ ಅನಿಸಿದ್ದು ಇವತ್ತೇ.

ಜುಲೈ 7, ಸೋಮವಾರ

ಮೊದಲ ದಿನ. ಬಾಗಿಲು ಅರ್ಧ ತೆರೆದಿತ್ತು, ನಾನು ಹಾಲಿನಲ್ಲಿ ಬೆಂಡೇಕಾಯಿ ಹೆಚ್ಚುತ್ತ ಕೇಳಿಸಿಕೊಂಡೆ. ಅಂಬಾಬಾಯಿ ಎಂಬ ಮುದುಕಿಯ ಕಣ್ಣಿನ ಆಪರೇಶನ್. ಮುದುಕಿ ಡಾಕ್ಟರ್ ಕೇಳಿದ್ದಕ್ಕೆಲ್ಲ ಹೂಂ ಅನ್ನುತ್ತಿದ್ದಳು. ಕೇತಕಿ, “ಆಯಿ, ಹೂಂ ಅನಬ್ಯಾಡ್ರಿ. ತಿಳೀಲಿಲ್ಲ ಅಂದ್ರ ತಿಳೀಲಿಲ್ಲ ಅನ್ರಿ, ನಾ ಮತ್ತ ಹೇಳ್ತೀನಿ” ಅಂದಳು. ನನ್ನ ತಂಗಿಗೆ ಇಷ್ಟು ಗಟ್ಟಿ ದನಿ ಇದೆ ಎಂದು ಗೊತ್ತಿರಲಿಲ್ಲ.

ಊಟಕ್ಕೆ ಬಂದಾಗ ಮುಖ ಕೆಂಪಾಗಿತ್ತು. ಚಪಾತಿ ಎರಡು ಹೆಚ್ಚಿಗೆ ತಿಂದಳು.

ಜುಲೈ 16, ಬುಧವಾರ

ಈಗ ಬಾಗಿಲು ಪೂರ್ತಿ ಮುಚ್ಚುತ್ತಾಳೆ. ರೋಗಿಗಳ ಮಾತು ಹೊರಗೆ ಹೋಗಬಾರದಂತೆ. ಇವತ್ತು ಚಟ್ನಿಗೆ ಮಿಕ್ಸರ್ ಹಚ್ಚಿದೆ. ಬಾಗಿಲು ಬಿರುಕಿನಷ್ಟು ತೆರೆದು, ತುಟಿಯ ಮೇಲೆ ಬೆರಳಿಟ್ಟು “ಶ್” ಅಂದಳು. ನಾನು ಇಪ್ಪತ್ತಾರು ವರ್ಷ ಮಕ್ಕಳಿಗೆ ಮಾಡುತ್ತಿದ್ದ ಹಾಗೆ.

ಚಹಾ ಒಯ್ದರೆ ಕೈ ಮಾಡಿ ಅಲ್ಲೇ ಇಡು ಅಂದಳು. ಪರದೆಯಲ್ಲಿ ಯಾರೋ ಹೆಣ್ಣುಮಗಳು ಅಳುತ್ತಿದ್ದಳು. ಕೇತಕಿ ಅವಳಿಗೆ ಎಷ್ಟು ಮೆತ್ತಗೆ ಮಾತಾಡುತ್ತಿದ್ದಳು.

ಜುಲೈ 24, ಗುರುವಾರ

ಬೆಳಿಗ್ಗೆ ಒಂಬತ್ತಕ್ಕೆ “ಅಕ್ಕಾ, ಲೈನ್ ಹೋತು, ಲಗೂನ ಬಾ” ಅಂತ ಕೂಗಿದಳು. ಕಂಪ್ಯೂಟರ್ ತನ್ನಷ್ಟಕ್ಕೆ ಅಪ್‌ಡೇಟ್ ಆಗಿ, ನೆಟ್‌ವರ್ಕ್ ಕಾರ್ಡಿನ ಡ್ರೈವರ್ ಎದ್ದಿರಲಿಲ್ಲ. ಲಿನಕ್ಸಿನ ಹಿಂದಿನ ಆವೃತ್ತಿಯಿಂದ ಮತ್ತೆ ಶುರು ಮಾಡಿದೆ, ಸರಿಯಾಯಿತು. ಒಂದು ತಾಸು ಅವಳು ನನ್ನ ಪಕ್ಕದಲ್ಲಿ ಸ್ಟೂಲ್ ಮೇಲೆ ಕೂತಿದ್ದಳು. ನಾನು ಹೊಡೆಯುವ ಒಂದೊಂದು ಅಕ್ಷರವನ್ನೂ ನೋಡುತ್ತಿದ್ದಳು. ಆಮೇಲೆ ತಾನೇ ಎದ್ದು ನನಗೆ ಚಹಾ ಮಾಡಿ ತಂದಳು, ಶುಂಠಿ ಹಾಕಿ.

ಒಳ್ಳೆಯ ದಿನ.

ಆಗಸ್ಟ್ 1, ಶುಕ್ರವಾರ

ಬಾಲ್ಕನಿಯಲ್ಲಿ ನಿಂತು ನೀಲಿಮಾ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಳು. ಹುಬ್ಬಳ್ಳಿಯ ಗೆಳತಿ. ಬಟ್ಟೆ ತೆಗೆಯಲು ಹೋದ ನನ್ನ ಕಿವಿಗೆ ಬಿತ್ತು.

“ಕೆಲಸ ಭಾಳ ಛಲೋ ಅದ. ಆದ್ರ ಮನ್ಯಾಗ ಅಕ್ಕ ಸಾಲಿ ನಡಿಸಿಧಂಗ ನಡಸ್ತಾಳ. ನನ್ನ ಕಾಲ ಮ್ಯಾಲೆ ನಿಂತೆ ಅಂದ್ರ ಮಗರಪಟ್ಟಾ ಕಡೆ ಒಂದು ಖೋಲಿ ನೋಡಬೇಕು.”

ಬಟ್ಟೆ ಒಣಗಿರಲಿಲ್ಲ. ಹಾಗೇ ಬಿಟ್ಟು ಬಂದೆ.

ಆಗಸ್ಟ್ 4, ಸೋಮವಾರ

ಚಪ್ಪಲಿ ಕಪಾಟು ಒರೆಸುವಾಗ ಹಳದಿ ವಾಯರಿಗೆ ಕೈ ತಗುಲಿ ಡಬ್ಬಿಯಿಂದ ಕಳಚಿತು. ಬೇಕೆಂದು ಮಾಡಿದ್ದಲ್ಲ. ತಿರುಗಿ ಹಾಕಲು ಹೋದವಳು ಸ್ವಲ್ಪ ನಿಂತೆ. ನೂರು ಎಣಿಸುವುದರೊಳಗೆ ಒಳಗಿನಿಂದ “ಅಕ್ಕಾ” ಎಂದಳು. ಹಾಕಿಯೇ ಒಳಗೆ ಹೋದೆ. ದೀಪ ನೋಡಿದೆ, ಪರದೆಯಲ್ಲಿ ಒಂದೆರಡು ಸಾಲು ಹೊಡೆದೆ, ಬಂತು ಅಂದೆ. “ಸಾಕಾಗಿತ್ತು ನನಗ” ಎಂದು ನನ್ನ ಕೈ ಹಿಡಿದುಕೊಂಡಳು. ಅವಳ ಕೈ ತಣ್ಣಗಿತ್ತು.

ಆಗಸ್ಟ್ 6, ಬುಧವಾರ

ಇವತ್ತು ಎರಡು ಸಲ. ಎರಡೂ ಸಲ ಸಣ್ಣದು. ರೋಗಿಗಳು ಯಾರೂ ಇರದ ಹೊತ್ತು ಅಂದುಕೊಂಡಿದ್ದೇನೆ.

ಆಗಸ್ಟ್ 8, ಶುಕ್ರವಾರ

ಒಂದು ಸಲ. ಮೂರು ನಿಮಿಷ. ಮಧ್ಯಾಹ್ನ ನನ್ನ ಜೊತೆ ಕೂತು ಊಟ ಮಾಡಿದಳು.

ಆಗಸ್ಟ್ 13, ಬುಧವಾರ

ನನಗೆ ಹೇಳದೆ ಕಂಪ್ಲೇಂಟ್ ಕೊಟ್ಟಿದ್ದಳು. ಇಂಟರ್‌ನೆಟ್ ಕಂಪನಿಯ ನಿತಿನ ಬಂದ. ಮೂವತ್ತೈದರ ಆಸುಪಾಸಿನ ಮರಾಠಿಯವ, ಮಾತು ಕಡಿಮೆ. ತನ್ನ ಯಂತ್ರ ಹಚ್ಚಿ ನೋಡಿ, “ತಾಈ, ಲಾಯಿನ್ ಏಕದಮ್ ಕ್ಲಿಯರ್ ಆಹೆ” ಅಂದ. ಆಮೇಲೆ ಡಬ್ಬಿಯಲ್ಲಿದ್ದ ಹಳದಿ ವಾಯರಿನ ಪ್ಲಗ್ ತೆಗೆದು ನನಗೆ ತೋರಿಸಿದ. ಪ್ಲಗ್ಗಿಗೆ ಒಂದು ಪ್ಲಾಸ್ಟಿಕ್ ನಾಲಿಗೆ ಇರುತ್ತದೆ, ಅದೇ ಅದನ್ನು ಕಚ್ಚಿ ಹಿಡಿಯುವುದು. ಮುರಿದಿತ್ತು. ಪದೇ ಪದೇ ತೆಗೆದರೆ ಹೀಗೆ ಮುರಿಯುತ್ತದೆ, ಯಾರಾದರೂ ತೆಗೆಯುತ್ತಾರಾ ಎಂದು ಮರಾಠಿಯಲ್ಲಿ ಕೇಳಿದ. ಕೇತಕಿ ಅಲ್ಲೇ ನಿಂತಿದ್ದಳು.

ಕಸ ಹೊಡೆಯುವಾಗ ಎಳೆದಿರಬಹುದು ಅಂದೆ. ನಿತಿನ ನನ್ನ ಮುಖ ನೋಡಿದ. ಹೊಸ ಪ್ಲಗ್ ಹಾಕಿಕೊಟ್ಟ. ಇದು ಟಕ್ ಅಂತ ಕೂರುತ್ತದೆ, ನಾಲಿಗೆ ಒತ್ತಿ ಹಿಡಿದು ಎಳೆದರೆ ಮಾತ್ರ ಬರುತ್ತದೆ.

ಅವನು ಕಚ್ಚಿಸಿದ ರೀತಿ ನನಗೆ ಸೇರಲಿಲ್ಲ. ನನ್ನದೇ ಚೆನ್ನಾಗಿತ್ತು. ಮನೆಯಲ್ಲಿ ನಾನಿರುವಾಗ ಹೊರಗಿನವನನ್ನು ಕರೆಸುವ ಅಗತ್ಯ ಏನಿತ್ತು?

ಆಗಸ್ಟ್ 14, ಗುರುವಾರ

ನಾಲಿಗೆ ಗಟ್ಟಿ ಇದೆ. ಹೆಬ್ಬೆರಳಿನ ಉಗುರು ಹಾಕಿ ಒತ್ತಬೇಕು.

ಆಗಸ್ಟ್ 19, ಮಂಗಳವಾರ

ಕಂಪನಿಯಿಂದ ಎಚ್ಚರಿಕೆಯ ಕಾಗದ ಬಂತು. ಹದಿನೈದು ದಿನದಲ್ಲಿ ಒಂಬತ್ತು ಸಲ ಲೈನು ಬಿದ್ದಿದೆ, ಹೀಗೇ ಆದರೆ ತೆಗೆಯಬೇಕಾಗುತ್ತದೆ ಎಂದು. ಕೇತಕಿ ಓದಿ ನನ್ನ ಮಡಿಲಲ್ಲಿ ತಲೆಯಿಟ್ಟು ಅತ್ತಳು. “ನನ್ನ ಹಣೇಬರದಾಗ ಒಂದ್ ಕೆಲಸಾನೂ ಇಲ್ಲ ನೋಡು ಅಕ್ಕಾ.” ತಲೆಗೆ ಎಣ್ಣೆ ಹಚ್ಚಿದೆ. ಕೂದಲು ತೆಳ್ಳಗಾಗಿದೆ, ನಡುಬೈತಲೆ ಅಗಲವಾಗಿದೆ. ಅವ್ವ ಇದ್ದಾಗ ನಾನೇ ಅವಳಿಗೆ ಜಡೆ ಹಾಕುತ್ತಿದ್ದುದು, ರಿಬ್ಬನ್ ಕಟ್ಟಿ ಶಾಲೆಗೆ ಕಳಿಸುತ್ತಿದ್ದುದು. ಎಣ್ಣೆ ಕಿವಿಯ ಹಿಂದೆ ಇಳಿದಾಗ ಈಗಲೂ ಹಾಗೇ ಭುಜ ಕುಗ್ಗಿಸುತ್ತಾಳೆ.

“ಖೋಲಿ ಗೀಲಿ ಎಲ್ಲಾ ಬಿಟ್ಟೆ” ಅಂದಳು. ನಾನು ಕೇಳಿರಲಿಲ್ಲ, ತಾನೇ ಅಂದಳು.

ಲೈನು ಇನ್ನು ಸರಿಯಾಗಿ ನಡೆಯುತ್ತದೆ ಎಂದು ಅವಳಿಗೆ ಧೈರ್ಯ ಹೇಳಿದೆ. ಮಾತು ಉಳಿಸಿಕೊಳ್ಳುತ್ತೇನೆ.

ಆಗಸ್ಟ್ 25, ಸೋಮವಾರ

ಆರು ದಿನ ಒಂದು ಸಲವೂ ಲೈನು ಹೋಗಲಿಲ್ಲ. ಅದಕ್ಕೆ ನನಗೆ ಸಿಕ್ಕಿದ್ದು ಇದು: ಇವತ್ತು ಊಟದ ನಡುವೆ, ನೀರು ಕುಡಿದಷ್ಟು ಸಹಜವಾಗಿ, “ಮಗರಪಟ್ಟಾದಾಗ ಖೋಲಿ ಸಿಕ್ತು ಅಕ್ಕಾ. ಒಂದನೇ ತಾರೀಖಿಗೆ ಹೋಗ್ತೀನಿ” ಅಂದಳು.

“ಅಲ್ಲಿ ಲೈನ್ ಹೋದ್ರ ಯಾರು ನೋಡ್ತಾರ?”

“ಅಲ್ಲಿ ಹೋಗೂದಿಲ್ಲ ಅಕ್ಕಾ” ಅಂದಳು.

ಯಾವ ಅರ್ಥದಲ್ಲಿ ಅಂದಳೋ ಗೊತ್ತಿಲ್ಲ. ನನ್ನ ಕಡೆ ನೋಡಲಿಲ್ಲ, ಮೊಸರು ಕಲಸುತ್ತಿದ್ದಳು.

ಆಗಸ್ಟ್ 26, ಮಂಗಳವಾರ

ನಾಳೆ ಗಣಪತಿ. ಚಪಾತಿಗೆ ಹಿಟ್ಟು ನಾದುತ್ತಿದ್ದೆ. ಹನ್ನೊಂದೂ ನಲವತ್ತಕ್ಕೆ ಒಂದು ಸಲ. ಹದಿಮೂರು ನಿಮಿಷ.

ಆಗಸ್ಟ್ 28, ಗುರುವಾರ

ನಿನ್ನೆ ಬರೆಯಲಾಗಲಿಲ್ಲ. ಮನೆಯಲ್ಲಿ ಗಣಪತಿ ಕೂರಿಸಲಿಲ್ಲ.

ಮಂಗಳವಾರ ಕೇತಕಿಯ ಪರದೆಯಲ್ಲಿದ್ದವಳು ಶಿವಕಾಂತಾ ಅಂತೆ, ಯಾದಗಿರಿ ಕಡೆಯವಳು. ಗಂಡ ಹುಲಿಗೆಪ್ಪ ಇಲ್ಲಿ ಕಟ್ಟಡದ ಕೆಲಸದಲ್ಲಿ ಕಬ್ಬಿಣ ಕಟ್ಟುವವ. ಎರಡನೇ ಅಂತಸ್ತಿನಿಂದ ಬಿದ್ದು ಕಾಲು ಮುರಿದಿತ್ತು, ಪ್ರಾಣಕ್ಕೆ ಅಪಾಯ ಇರಲಿಲ್ಲ. ನೋವಿಗೆ ಅವನು ಮಂಪರಿನಲ್ಲಿದ್ದ. ಡಾಕ್ಟರ್ ಹೆಂಡತಿಯನ್ನು, ಇವನಿಗೆ ಯಾವುದಾದರೂ ಔಷಧಿ ಒಗ್ಗುವುದಿಲ್ಲವೇ ಎಂದು ಕೇಳಿದರು. ಕೇತಕಿ ಅದನ್ನು ಕನ್ನಡದಲ್ಲಿ ಕೇಳಿದಳು. ಶಿವಕಾಂತಾ, “ಹೌದ್ರಿ ಅಕ್ಕಾರ, ಮೂರು ವರ್ಷದ ಹಿಂದ ಕಲಬುರ್ಗ್ಯಾಗ ಒಂದು ಸೂಜಿ ಹಾಕಿದ್ರು, ಆಗ…” ಅಂದಳು. ಅಷ್ಟಕ್ಕೆ ಲೈನು ಹೋಯಿತು.

ಕೇತಕಿ ಕೂಗಿದ್ದು ನನಗೆ ಕೇಳಿಸಿತ್ತು. “ಕೈ ಹಿಟ್ಟಾಗೇದ, ಬಂದೆ” ಅಂದೆ. ಕೈ ತೊಳೆದೆ. ಕ್ರಮವಾಗಿ ನೋಡಿದೆ, ದೀಪ, ವಾಯರ್, ವಿಳಾಸ. ಅವಳು ನನ್ನ ಹಿಂದೆ ನಿಂತು ಅಳುತ್ತಿದ್ದಳು. “ಅಕ್ಕಾ, ಆಕಿ ಏನೋ ಹೇಳಾಕತ್ತಿದ್ಲು, ಲಗೂ ಮಾಡ ಅಕ್ಕಾ.” ಅವಸರ ಮಾಡಿದರೆ ಕೆಲಸ ಆಗುವುದಿಲ್ಲ ಅಂದೆ. ಅವಳು ಮೊಬೈಲಿನಿಂದ ಕಂಪನಿಗೆ ಫೋನ್ ಹಚ್ಚಿದಳು. ಅಲ್ಲಿ ಕನ್ನಡದ ಕೆಲಸ ನೋಡುವ ಇನ್ನೊಬ್ಬನೆಂದರೆ ಬಿಂದುಮಾಧವ, ಅವನು ಹಬ್ಬಕ್ಕೆ ಊರಿಗೆ ಹೋಗಿದ್ದ. ಆಸ್ಪತ್ರೆಯ ನೇರ ನಂಬರು ಇವರಿಗೆ ಕೊಡುವುದಿಲ್ಲವಂತೆ. ನಾನು ಹಾಲಿಗೆ ಹೋಗಿ ಪ್ಲಗ್ ಹಾಕಿದೆ. ಟಕ್ ಅಂತು.

ಅಷ್ಟರಲ್ಲಿ ಅಲ್ಲಿ ನರ್ಸು ಹಿಂದಿಯಲ್ಲಿ ಕೇಳಿದ್ದಾಳೆ, ಶಿವಕಾಂತಾ ತಲೆ ಆಡಿಸಿದ್ದಾಳೆ. ಸೂಜಿ ಹಾಕಿಬಿಟ್ಟಿದ್ದರು, ಅದು ಅವನಿಗೆ ಒಗ್ಗಲಿಲ್ಲ. ಲೈನು ಬಂದಾಗ ಪರದೆಯಲ್ಲಿ ಮಂಚದ ಸುತ್ತ ಬೆನ್ನುಗಳಷ್ಟೇ ಕಂಡವಂತೆ. ಮಧ್ಯಾಹ್ನ ಎರಡರ ಹೊತ್ತಿಗೆ ಅವನು ಹೋದ.

ಮುರಿದ ಕಾಲಿಗೆ ಸತ್ತ ಎಂದು ಕೇತಕಿ ಒಂದೇ ಸಮ ಅನ್ನುತ್ತಾಳೆ.

ಆಸ್ಪತ್ರೆ ಅಂದಮೇಲೆ ಸಾವು ಇದ್ದದ್ದೇ. ಅಲ್ಲಿ ಅಷ್ಟು ಜನ ಇದ್ದರು. ಒಬ್ಬರೂ ಕನ್ನಡ ಬರುವವರನ್ನು ಹುಡುಕಲಿಲ್ಲವೇ? ಹಡಪಸರದಲ್ಲಿ ಕಲ್ಲು ಒಗೆದರೆ ಒಬ್ಬ ಕನ್ನಡದವನಿಗೆ ಬೀಳುತ್ತದೆ.

ಆಗಸ್ಟ್ 30, ಶನಿವಾರ

ಕೆಲಸದಿಂದ ತೆಗೆದರು. ತೆಗೆಯುವ ಮೊದಲು ಕಾರಣ ಬರೆದು ಕೊಡಿ ಎಂದು ಕೇಳಿದ್ದರು. ಕೇತಕಿ ನನ್ನನ್ನು ಕಂಪ್ಯೂಟರಿನ ಮುಂದೆ ಕೂರಿಸಿ, “ನೀ ನೋಡಿ ಹೇಳು. ನಂದೇನು ತಪ್ಪಿತ್ತು?” ಅಂದಳು.

ಲಿನಕ್ಸ್ ಎಲ್ಲವನ್ನೂ ಬರೆದಿಡುತ್ತದೆ. ಓದಿ ಹೇಳಿದೆ. ಹನ್ನೊಂದೂ ನಲವತ್ತೊಂದು, ಲಿಂಕ್ ಡೌನ್. ಹನ್ನೊಂದೂ ಐವತ್ತನಾಲ್ಕು, ಲಿಂಕ್ ಅಪ್.

“ಯಾಕ ಹೋತು ಅಂತ ಬರೀಲಿಲ್ಲೇನು ಅದರಾಗ?”

“ಯಾಕ ಅನ್ನೂದು ಅದಕ್ಕ ತಿಳಿಯೂದಿಲ್ಲ.”

“ನಿನಗ ತಿಳಿತದಲ್ಲ.”

ನನ್ನ ಮುಖವನ್ನೇ ನೋಡುತ್ತಿದ್ದಳು. ಎರಡು ದಿನದಿಂದ ಮಲಗಿರಲಿಲ್ಲ, ಕಣ್ಣು ಬಾತಿದ್ದವು. ಏನಾದರೂ ಹೇಳಲೇಬೇಕಿತ್ತು. ಮೇಜಿನ ಕೆಳಗೆ ಬಗ್ಗಿದೆ. ವಾಯರ್ ಅವಳ ಕುರ್ಚಿಯ ಗಾಲಿಯ ಪಕ್ಕದಲ್ಲೇ ಇತ್ತು.

“ನಿನ್ನ ಕುರ್ಚಿ” ಅಂದೆ. “ಮಾತಾಡೂ ಭರಕ್ಕ ಮುಂದ ಸರೀತಿ ನೀ. ಗಾಲಿ ವಾಯರ್ ಮ್ಯಾಲೆ ಹೋಗಿ ಒಳಗಿನ ಎಳಿ ಜಗ್ಗೇದ. ಇಷ್ಟ್ ದಿನಾನೂ ಅದ ಆಗಿರಬೇಕು.”

ಅವಳೂ ಬಗ್ಗಿ ನೋಡಿದಳು. ಬಹಳ ಹೊತ್ತು ಮೇಜಿನ ಕೆಳಗೇ ಇದ್ದಳು. ಆಮೇಲೆ ಹೊರಬಂದು ಅದನ್ನೇ ಇಂಗ್ಲಿಷಿನಲ್ಲಿ ಬರೆದು ಕಂಪನಿಗೆ ಕಳಿಸಿದಳು. ನನ್ನ ಕುರ್ಚಿಯಿಂದ ಆಯಿತು ಎಂದು. ಒಂದು ಸ್ಪೆಲಿಂಗ್ ತಪ್ಪಿತ್ತು, ತಿದ್ದಿಕೊಟ್ಟೆ.

ಸಮಾಧಾನವಾಗಿಯೇ ತೆಗೆದುಕೊಂಡಳು ಅನಿಸುತ್ತದೆ. ಅಳಲಿಲ್ಲ.

ಸೆಪ್ಟೆಂಬರ್ 2, ಮಂಗಳವಾರ

ಮಗರಪಟ್ಟಾದ ಖೋಲಿಯವರಿಗೆ ಬರುವುದಿಲ್ಲ ಎಂದು ಹೇಳಿದಳು. ಕುರ್ಚಿಯನ್ನು ಬಾಲ್ಕನಿಗೆ ಹಾಕಿದ್ದಾಳೆ. ನೆಲದ ಮೇಲೆ ಕೂರುತ್ತಾಳೆ. ಕರೆದರೆ ಬರುತ್ತಾಳೆ, ಬಡಿಸಿದಷ್ಟು ತಿನ್ನುತ್ತಾಳೆ. ಇವತ್ತು ಮೆಂತ್ಯದ ಪಲ್ಯ ಮಾಡಿದ್ದೆ, ಅವಳಿಗೆ ಇಷ್ಟ.

ಸೆಪ್ಟೆಂಬರ್ 5, ಶುಕ್ರವಾರ

ಮಾತಿಲ್ಲ. ಮನೆ ಶಾಂತವಾಗಿದೆ. ಮಿಕ್ಸರ್ ಯಾವಾಗ ಬೇಕಾದರೂ ಹಚ್ಚಬಹುದು.

ಸೆಪ್ಟೆಂಬರ್ 9, ಮಂಗಳವಾರ

ಕೇತಕಿ ಈಗ ಮಲಗಿದ್ದಾಳೆ. ರಿಕ್ಷಾದಲ್ಲಿ ಬರುವಾಗ ನನ್ನ ಹೆಗಲ ಮೇಲೆ ತಲೆಯಿಟ್ಟಿದ್ದಳು. ಮನೆಗೆ ಬಂದವಳೇ ಸೀರೆ ಕೂಡ ಬದಲಿಸದೆ ಚಾಪೆಯ ಮೇಲೆ ಉರುಳಿದಳು.

ಮೂರು ದಿನದಿಂದ ಒಂದೇ ಹಟ, ಶಿವಕಾಂತಾಳನ್ನು ನೋಡಬೇಕು ಎಂದು. ಕಂಪನಿಯ ಒಬ್ಬಳನ್ನು ಕಾಡಿ ಹುಲಿಗೆಪ್ಪನ ಕೆಲಸದ ಜಾಗ ಯಾವುದೆಂದು ತಿಳಿದುಕೊಂಡಿದ್ದಳು. ಒಬ್ಬಳೇ ಹೋಗುವುದು ಬೇಡ ಎಂದು ನಾನೂ ಹೋದೆ. ಹಡಪಸರದ ಆಚೆ, ಎದ್ದು ನಿಲ್ಲುತ್ತಿರುವ ಕಟ್ಟಡಗಳ ಹಿಂದೆ ತಗಡಿನ ಗುಡಿಸಲುಗಳ ಸಾಲು. ನೆಲವೆಲ್ಲ ಸಿಮೆಂಟಿನ ರಾಡಿ. ಡಬ್ಬಿಯಲ್ಲಿ ಚಪಾತಿ, ಪಲ್ಯ ಕಟ್ಟಿಕೊಂಡು ಹೋಗಿದ್ದೆ. ಬಾಳು ಎನ್ನುವ ಮೇಸ್ತ್ರಿ ದಾರಿ ತೋರಿಸಿದ. ನಾಳೆ ಆಕೆ ಊರಿಗೆ ಹೋಗುತ್ತಾಳೆ, ಇವತ್ತು ಬಂದದ್ದು ಒಳ್ಳೆಯದಾಯಿತು ಅಂದ.

ಶಿವಕಾಂತಾ ಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. ನಾನು ವಯಸ್ಸಾದವಳು ಅಂದುಕೊಂಡಿದ್ದೆ. ಮೂವತ್ತೂ ಇರಲಾರದು. ಕೇತಕಿಯನ್ನು ನೋಡಿದ ಕೂಡಲೇ ಗುರುತು ಹಿಡಿದಳು. ಅಕ್ಕಿಯ ಮೊರ ಕೆಳಗಿಟ್ಟು ಎದ್ದು ನಿಂತಳು.

ಕೇತಕಿ ರಾಡಿಯಲ್ಲೇ ಕೂತುಬಿಟ್ಟಳು. “ತಪ್ಪು ನಂದೇ ಅವ್ವಾ. ನನ್ನ ಕುರ್ಚಿ ಸರದು ವಾಯರ್ ಜಗ್ಗಿ ಲೈನ್ ಹೋತು. ನೀ ಹೇಳಿದ್ದು ನನಗ ಮುಟ್ಟಲಿಲ್ಲ” ಅಂದಳು.

ಶಿವಕಾಂತಾ ಅವಳನ್ನೇ ನೋಡುತ್ತಿದ್ದಳು. “ನೀವ್ ಎಲ್ಲಿ ಹೋಗಿದ್ರಿ ಅಕ್ಕಾರ, ಅಲ್ಲೇ ಇದ್ರಲ್ರಿ. ನಿಮ್ಮ ಮಾರಿ ಕಾಣ್ತಿತ್ತು. ನನ್ನ ಕಡೀನೇ ನೋಡ್ಲಿಕತ್ತಿದ್ರಿ.”

ಕೇತಕಿ ತಲೆಯೆತ್ತಿ ಅವಳನ್ನು ನೋಡಿದಳು.

“ನಾ ಎಲ್ಲಾ ಹೇಳೀನ್ರಿ ನಿಮಗ. ಮೈ ಬಾತಿದ್ದು, ಉಸಿರು ಹಿಡದಿದ್ದು, ಎಲ್ಲಾ. ಕಲಬುರ್ಗಿ ಡಾಕ್ಟರು ಸೂಜಿ ಹೆಸರು ಬರದು ಕೊಟ್ಟಿದ್ದ ಚೀಟಿ ಸೆರಗಿನಾಗ ಕಟ್ಟಿಕೊಂಡೇ ಹೋಗಿದ್ದಿನ್ರಿ. ಬಿಚ್ಚಿ ನಿಮ್ಮ ಮಾರಿ ಮುಂದ ಹಿಡದೆ. ಓದ್ಲಿ ಅಂತ ಭಾಳ ಹೊತ್ತು ಹಿಡದೆ. ನೀವ್ ಸುಮ್ಮ ನೋಡ್ಕೋತ ಕುಂತ್ರಿ. ನರ್ಸಮ್ಮ ಬಂದು ಏನೋ ಕೇಳಿದ್ಲು, ಅಕ್ಕಾರಿಗಿ ಹೇಳೀನಿ ಅಂದೆ. ನೀವ್ ಯಾಕ ಅವರಿಗಿ ಹೇಳ್ಲಿಲ್ಲ?”

ದನಿ ಏರಿಸಲಿಲ್ಲ. ತಿಳಿಯದೆ ಕೇಳುವವರ ಹಾಗೆ ಕೇಳಿದಳು. ಕೇತಕಿ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಿದ್ದಳು.

ಯಾರಾದರೂ ವಿವರಿಸಬೇಕಿತ್ತು. ನಾನು ಮುಂದೆ ಹೋಗಿ ಹೇಳಿದೆ. “ಲೈನ್ ಹೋದಾಗ ಚಿತ್ರ ಹಂಗ ನಿಂತು ಬಿಡ್ತದವ್ವಾ. ಮುಖ ಕಾಣ್ತದ, ಆದ್ರ ಅಲ್ಲಿ ಮನುಷ್ಯಾ ಇರೂದಿಲ್ಲ. ಕೇಳೂದಿಲ್ಲ, ನೋಡೂದಿಲ್ಲ.” ಶಾಲೆಯಲ್ಲಿ ಹೇಳುವ ಹಾಗೆ ನಿಧಾನವಾಗಿ ಹೇಳಿದೆ. ಅವಳಿಗೆ ತಿಳಿಯಿತು ಅನಿಸುತ್ತದೆ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

“ಹಂಗಾರ ನಾ ಯಾರಿಗಿ ಹೇಳಿದೆ” ಅಂದಳು, ತನಗೆ ತಾನೇ. ಆಮೇಲೆ ನನ್ನ ಕಡೆ ತಿರುಗಿ, “ನೀವ್ ಯಾರ್ರಿ?” ಅಂದಳು.

ಕೇತಕಿಯೇ ಉತ್ತರ ಕೊಟ್ಟಳು. “ನಮ್ಮ ಅಕ್ಕ. ಲೈನ್ ಹೋದಾಗೆಲ್ಲಾ ಸರಿ ಮಾಡಿ ಕೊಡ್ತಿದ್ದಾಕಿ ಇವಳೇ. ಅವತ್ತೂ ಇವಳೇ ಮಾಡಿದ್ಲು.”

ಶಿವಕಾಂತಾ ನನ್ನ ಕೈಯಿಂದ ಊಟದ ಡಬ್ಬಿ ತೆಗೆದುಕೊಂಡು ಒಳಗಿಟ್ಟು ಬಂದಳು. ಸೆರಗು ಸರಿಪಡಿಸಿಕೊಂಡು ನನಗೆ ಕೈ ಮುಗಿದಳು. “ನೀವಾರ ಅಷ್ಟು ಮಾಡಿದ್ರಿ ಅಕ್ಕಾರ. ದೇವರು ನಿಮಗ ಛಲೋ ಇಡ್ಲಿ.”

ನಾನೂ ಕೈ ಮುಗಿದೆ.